ಶನಿವಾರ ಮಧ್ಯಾಹ್ನದ ಹತ್ತು ಪಿನ್ನುಗಳು

ಮಕ್ಕಳೇ, ‘ಬೌಲಿಂಗ್’ ಎಂದರೆ ನಿಮಗೆ ಯಾರ ನೆನಪಾಗುತ್ತದೆ? ಬುಮ್ರಾ ಅಲ್ಲವೇ? ಇದೇ ಪ್ರಶ್ನೆಯನ್ನು ಮನೆಯಲ್ಲಿರುವ ತಾತನಿಗೆ ಕೇಳಿ ನೋಡಿ. ಚಂದ್ರಶೇಖರ್, ಪ್ರಸನ್ನ ಎಂದು ಶುರು ಮಾಡಿದರೆಂದರೆ ಊಟಕ್ಕೆ ಕರೆಯುವವರೆಗೂ ನಿಲ್ಲಿಸುವವರಲ್ಲ. ಆದರೆ ಅಮೆರಿಕದ ತಾತ ಒಬ್ಬರಿಗೆ ಈ ಪ್ರಶ್ನೆ ಹಾಕಿದರೆ ಬರುವ ಹೆಸರುಗಳೇ ಬೇರೆ. ಡಿಕ್ ವೆಬರ್, ಅರ್ಲ್ ಆಂಥನಿ, ಮಾರ್ಕ್ ರಾತ್. ನಾವು ಯಾರೂ ಕೇಳದ ಹೆಸರುಗಳು. ಆದರೆ ಅವರ ಮುಖದ ಮೇಲೆ ಮೂಡುವ ನಗು ಮಾತ್ರ ನಮ್ಮ ತಾತನ ಮುಖದ ಮೇಲೆ ಮೂಡುವುದೇ.

ಅವರು ಹೇಳುವ ಬೌಲಿಂಗ್‌ನಲ್ಲಿ ಬ್ಯಾಟೂ ಇಲ್ಲ, ವಿಕೆಟ್ಟೂ ಇಲ್ಲ. ನುಣುಪಾದ ಮರದ ಹಾಸಿನ ಮೇಲೆ ಭಾರವಾದ ಚೆಂಡನ್ನು ಉರುಳಿಸಿ, ಆ ತುದಿಯಲ್ಲಿ ನಿಂತ ಹತ್ತು ಪಿನ್ನುಗಳನ್ನು ಬೀಳಿಸುವ ಆಟ ಅದು. ಈಗ ನಮ್ಮ ದೊಡ್ಡ ಊರುಗಳ ಮಾಲ್‌ಗಳಲ್ಲೂ ನಿಮ್ಮಲ್ಲಿ ಕೆಲವರು ಅದನ್ನು ಆಡಿರುತ್ತೀರಿ. ಒಂದು ಕಾಲದಲ್ಲಿ ಅಮೆರಿಕದಲ್ಲಿ ಅದು ಮನೆಮಂದಿಯೆಲ್ಲ ಟೀವಿ ಮುಂದೆ ಕೂತು ನೋಡುವ ಆಟವಾಗಿತ್ತು. 1962ರಿಂದ 1997ರವರೆಗೆ, ಚಳಿಗಾಲ ಬಂತೆಂದರೆ ಸಾಕು, ಶನಿವಾರ ಮಧ್ಯಾಹ್ನ ಎಬಿಸಿ ವಾಹಿನಿಯಲ್ಲಿ ‘ಪ್ರೊ ಬೌಲರ್ಸ್ ಟೂರ್’. ಹೊರಗೆ ಹಿಮ, ಒಳಗೆ ಒಂದೇ ಟೀವಿ, ಅದರೆದುರು ತಾತ, ಅಪ್ಪ, ಮೊಮ್ಮಗ. ನಮ್ಮಲ್ಲಿ 1987ರ ಭಾನುವಾರ ಬೆಳಿಗ್ಗೆ ದೂರದರ್ಶನದ ‘ರಾಮಾಯಣ’ಕ್ಕೆ ಓಣಿಯ ಜನರೆಲ್ಲ ಒಂದೇ ಮನೆಯ ಜಗಲಿಯಲ್ಲಿ ಸೇರುತ್ತಿದ್ದದ್ದನ್ನು ಅಜ್ಜಿಯರು ನೆನಪಿಸಿಕೊಂಡರೆ, ಆ ಶನಿವಾರಗಳ ರುಚಿ ಸ್ವಲ್ಪ ತಿಳಿದೀತು.

ಹಾಗಿದ್ದ ಆಟ ಟೀವಿಯಿಂದ ಏಕೆ ಮರೆಯಾಯಿತು? ಆ ಪ್ರಶ್ನೆಗೆ ಬರುವ ಮೊದಲು ಆಟವನ್ನು ಸ್ವಲ್ಪ ತಿಳಿದುಕೊಳ್ಳೋಣ.

ನಾಳೆ ಗೊತ್ತಾಗುವ ಅಂಕ

ಲಗೋರಿಯಲ್ಲಿ ಪೇರಿಸಿಟ್ಟ ಕಲ್ಲುಗಳನ್ನು ಒಂದೇ ಹೊಡೆತಕ್ಕೆ ಉದುರಿಸುವ ಖುಷಿ ನಿಮಗೆ ಗೊತ್ತಲ್ಲ? ಈ ಆಟದ ಖುಷಿಯೂ ಅದೇ ಜಾತಿಯದು. ಚೆಂಡು ಉರುಳುವ ಹಾದಿಗೆ ‘ಲೇನ್’ ಎನ್ನುತ್ತಾರೆ. ಆಟಗಾರ ದಾಟಬಾರದ ಗೆರೆಯಿಂದ ಮೊದಲ ಪಿನ್ನಿನವರೆಗೆ 60 ಅಡಿ ದೂರ. ಅಗಲ ಸುಮಾರು ಮೂರೂವರೆ ಅಡಿ. ಎರಡೂ ಬದಿಗೆ ಚರಂಡಿಯಂಥ ತೋಡು. ಚೆಂಡು ಅದಕ್ಕೆ ಬಿದ್ದರೆ ಅಂಕ ಸೊನ್ನೆ. ಪಿನ್ನಿನ ಎತ್ತರ 15 ಇಂಚು, ತೂಕ ಒಂದೂವರೆ ಕಿಲೋಗಿಂತ ತುಸು ಹೆಚ್ಚು. ಚೆಂಡು 16 ಪೌಂಡ್‌ವರೆಗೆ, ಅಂದರೆ ಏಳು ಕಾಲು ಕಿಲೋದವರೆಗೆ ತೂಗಬಹುದು. ಹತ್ತು ಪಿನ್ನುಗಳು ತ್ರಿಕೋನಾಕಾರದಲ್ಲಿ ನಿಂತಿರುತ್ತವೆ: ಮುಂದೆ ಒಂದು, ಅದರ ಹಿಂದೆ ಎರಡು, ಆಮೇಲೆ ಮೂರು, ಕೊನೆಯ ಸಾಲಿನಲ್ಲಿ ನಾಲ್ಕು.

ಒಂದು ಆಟಕ್ಕೆ ಹತ್ತು ಸರದಿ. ಪ್ರತಿ ಸರದಿಯಲ್ಲಿ ಎರಡು ಸಲ ಚೆಂಡು ಉರುಳಿಸಬಹುದು. ಮೊದಲ ಚೆಂಡಿಗೇ ಹತ್ತೂ ಬಿದ್ದರೆ ಅದು ‘ಸ್ಟ್ರೈಕ್’. ಎರಡು ಚೆಂಡಿನಲ್ಲಿ ಹತ್ತೂ ಬಿದ್ದರೆ ‘ಸ್ಪೇರ್’.

ಇಲ್ಲಿಂದ ಲೆಕ್ಕ ರುಚಿಯಾಗುತ್ತದೆ. ಸ್ಟ್ರೈಕ್ ಹೊಡೆದರೆ ಹತ್ತು ಅಂಕದ ಜೊತೆಗೆ, ಮುಂದಿನ ಎರಡು ಚೆಂಡಿನಲ್ಲಿ ಬೀಳುವ ಪಿನ್ನುಗಳೂ ಆ ಸ್ಟ್ರೈಕಿನ ಖಾತೆಗೇ ಜಮೆ. ಸ್ಪೇರ್ ಆದರೆ ಮುಂದಿನ ಒಂದು ಚೆಂಡಿನದು ಮಾತ್ರ. ಒಂದು ಉದಾಹರಣೆ ನೋಡಿ. ಮೊದಲ ಸರದಿಯಲ್ಲಿ ಸ್ಟ್ರೈಕ್. ಎರಡನೆಯದರಲ್ಲಿ ಮೊದಲು 7 ಪಿನ್ನು, ಆಮೇಲೆ 2. ಆಗ ಮೊದಲ ಸರದಿಯ ಅಂಕ 10+7+2, ಅಂದರೆ 19. ಎರಡನೆಯದು 9. ಒಟ್ಟು 28. ಬಿದ್ದ ಪಿನ್ನು ಹತ್ತೊಂಬತ್ತೇ, ಅಂಕ ಇಪ್ಪತ್ತೆಂಟು!

ಅಂದರೆ, ಈಗ ಹೊಡೆದ ಸ್ಟ್ರೈಕಿನ ಬೆಲೆ ಎಷ್ಟೆಂದು ಈಗಲೇ ಹೇಳುವಂತಿಲ್ಲ. ಮುಂದಿನ ಎರಡು ಚೆಂಡು ಉರುಳಿದ ಮೇಲೆಯೇ ಗೊತ್ತಾಗುವುದು. ಹತ್ತನೆಯ ಸರದಿಯಲ್ಲಿ ಸ್ಟ್ರೈಕ್ ಬಿದ್ದರೆ ಲೆಕ್ಕ ಮುಗಿಸಲು ಇನ್ನೆರಡು ಚೆಂಡು ಸಿಗುತ್ತದೆ, ಸ್ಪೇರ್ ಆದರೆ ಇನ್ನೊಂದು. ಹಾಗಾಗಿ ಮೊದಲಿನಿಂದ ಕೊನೆಯವರೆಗೆ ಸತತ 12 ಸ್ಟ್ರೈಕ್ ಹೊಡೆದವರಿಗೆ 300 ಅಂಕ. ಅದಕ್ಕಿಂತ ಹೆಚ್ಚು ಯಾರಿಗೂ ಸಾಧ್ಯವಿಲ್ಲ. ಕ್ರಿಕೆಟ್‌ನಲ್ಲಿ ಇಂಥ ‘ಇಷ್ಟೇ, ಇದಕ್ಕಿಂತ ಮೇಲಿಲ್ಲ’ ಎನ್ನುವ ಅಂಕವೇ ಇಲ್ಲ ನೋಡಿ.

ಕಣ್ಣಿಗೆ ಕಾಣದ ಇನ್ನೊಂದು ಸಂಗತಿಯಿದೆ. ಲೇನಿನ ಮುಂಭಾಗಕ್ಕೆ ತೆಳ್ಳಗೆ ಎಣ್ಣೆ ಸವರಿರುತ್ತಾರೆ. ಚೆಂಡು ಆ ಎಣ್ಣೆಯ ಮೇಲೆ ಜಾರುತ್ತಾ ಹೋಗಿ, ಒಣ ಭಾಗ ತಲುಪಿದೊಡನೆ ಹಿಡಿತ ಸಿಕ್ಕಿ ಬಾಗಿಕೊಂಡು ತಿರುಗುತ್ತದೆ. ಬಲಗೈ ಆಟಗಾರನ ಚೆಂಡು ಒಂದನೆಯ ಮತ್ತು ಮೂರನೆಯ ಪಿನ್ನಿನ ಸಂದಿಗೆ ನುಗ್ಗಬೇಕು. ಸರಿಯಾಗಿ ಬಿದ್ದ ಸ್ಟ್ರೈಕಿನಲ್ಲಿ ಚೆಂಡು ಮುಟ್ಟುವುದು ನಾಲ್ಕೇ ಪಿನ್ನುಗಳನ್ನು. ಉಳಿದ ಆರನ್ನು ಬೀಳಿಸುವುದು ಅಕ್ಕಪಕ್ಕದ ಪಿನ್ನುಗಳೇ.

ಮೂವತ್ತಮೂರು ಜನ, ತಲಾ ಐವತ್ತು ಡಾಲರ್

ಅಮೆರಿಕದ ಓಹಾಯೋ ರಾಜ್ಯದಲ್ಲಿ ಆಕ್ರನ್ ಎಂಬ ಊರಿದೆ. ಟೈರುಗಳಿಗೆ ಹೆಸರಾದ ಕೈಗಾರಿಕಾ ನಗರ. ಅಲ್ಲಿ ಎಡ್ಡಿ ಎಲಿಯಾಸ್ ಎಂಬ ವಕೀಲರಿದ್ದರು. ಟೀವಿ ಎಂಬ ಹೊಸ ಪೆಟ್ಟಿಗೆಗೆ ಬೌಲಿಂಗ್ ಹೇಳಿ ಮಾಡಿಸಿದ ಆಟ ಎಂದು ಅವರಿಗೆ ಅನ್ನಿಸಿತು. 1958ರಲ್ಲಿ ಅವರ ಮಾತು ಕೇಳಿ 33 ಆಟಗಾರರು ತಲಾ 50 ಡಾಲರ್ ಹಾಕಿದರು. ವೃತ್ತಿಪರ ಬೌಲಿಂಗ್ ಆಟಗಾರರ ಸಂಘ, ಅಂದರೆ ಪಿಬಿಎ, ಹುಟ್ಟಿದ್ದು ಹಾಗೆ. ಮರುವರ್ಷ ಅವರು ನಡೆಸಿದ್ದು ಮೂರೇ ಪಂದ್ಯಾವಳಿ.

ಎಲಿಯಾಸ್ ಲೆಕ್ಕಾಚಾರ ತಪ್ಪಿರಲಿಲ್ಲ. ಆಗಿನ ಟೀವಿ ಪರದೆ ಚಿಕ್ಕದು, ಕಪ್ಪು ಬಿಳುಪು. ದೊಡ್ಡ ಮೈದಾನದ ಆಟದಲ್ಲಿ ಚೆಂಡು ಎಲ್ಲಿ ಹೋಯಿತೆಂದೇ ಕಾಣುತ್ತಿರಲಿಲ್ಲ. ಬೌಲಿಂಗ್ ಹಾಗಲ್ಲ. ನಡೆಯುವುದು ಸೂರಿನಡಿ, ಮಳೆ, ಹಿಮದ ಗೊಡವೆಯಿಲ್ಲ. ಚೆಂಡು ಎಲ್ಲಿಂದ ಹೊರಟು ಎಲ್ಲಿ ಮುಟ್ಟುತ್ತದೆ ಎಂಬುದು ಮೊದಲೇ ಗೊತ್ತು. ಹಾಗಾಗಿ ಕೆಲವೇ ಕ್ಯಾಮೆರಾ ಸಾಕು. ಬಿಳಿ ಪಿನ್ನುಗಳು ಎಂಥ ಹಳೆಯ ಟೀವಿಯಲ್ಲೂ ಎದ್ದು ಕಾಣುತ್ತವೆ. ಚೆಂಡು ಕೈಬಿಟ್ಟು ಪಿನ್ನು ಮುಟ್ಟಲು ಎರಡು ಎರಡೂವರೆ ಸೆಕೆಂಡು. ನೋಡುವವರು ಉಸಿರು ಬಿಗಿಹಿಡಿಯಲು ಅಷ್ಟು ಹೊತ್ತು ಧಾರಾಳ!

ಕ್ರಮೇಣ ಟೀವಿಯ ಪಂದ್ಯಕ್ಕೆ ಒಂದು ಏಣಿಯಂಥ ಪದ್ಧತಿ ಬಂತು. ವಾರವಿಡೀ ಆಡಿ ಮುಂದೆ ಬಂದ ಐದು ಜನ ಕೊನೆಯ ದಿನ ಕಣಕ್ಕಿಳಿಯುತ್ತಾರೆ. ಮೊದಲು ಐದನೆಯವರಿಗೂ ನಾಲ್ಕನೆಯವರಿಗೂ ಆಟ. ಗೆದ್ದವರು ಮೂರನೆಯವರ ಎದುರು. ಅಲ್ಲಿ ಗೆದ್ದವರು ಎರಡನೆಯವರ ಎದುರು. ಕೊನೆಗೆ ಒಂದನೆಯವರ ಎದುರು. ಐದನೆಯ ಮೆಟ್ಟಿಲಲ್ಲಿದ್ದವರು ನಾಲ್ಕೂ ಆಟ ಗೆದ್ದು ಮೇಲೇರಿದರೆ ಮನೆಮನೆಯಲ್ಲೂ ಅವರದೇ ಜಪ.

ವೀಕ್ಷಕ ವಿವರಣೆಗೆ ಕ್ರಿಸ್ ಶೆಂಕೆಲ್. ಅಬ್ಬರವಿಲ್ಲದ, ಮೆದುವಾದ ದನಿ. ಜೊತೆಗೆ ಮೊದಲು ಬಿಲ್ಲಿ ವೆಲು, ಆಮೇಲೆ 1975ರಿಂದ ನೆಲ್ಸನ್ ಬರ್ಟನ್ ಜೂನಿಯರ್. ಇಬ್ಬರೂ ಸ್ವತಃ ಒಳ್ಳೆಯ ಆಟಗಾರರು. ವರ್ಷಗಟ್ಟಲೆ ಅದೇ ದನಿ ಮನೆಯೊಳಗೆ ಕೇಳುತ್ತಿದ್ದರೆ ಅದು ಪರಿಚಯದವರ ದನಿಯಾಗಿಬಿಡುತ್ತದೆ. ಹಿಂದೆ ಆಕಾಶವಾಣಿಯಲ್ಲಿ ಪ್ರದೇಶ ಸಮಾಚಾರ ಓದುವವರ ದನಿ ಕೇಳಿದೊಡನೆ ಗಡಿಯಾರ ನೋಡಿಕೊಳ್ಳುತ್ತಿದ್ದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪಕ್ಕದ ಮನೆಯವರಂಥ ವೀರರು

ಆ ಆಟಗಾರರನ್ನು ಜನ ಅಷ್ಟು ಹಚ್ಚಿಕೊಂಡದ್ದೇಕೆ? ಅವರು ಏಳು ಅಡಿ ಎತ್ತರದವರಲ್ಲ, ಗರಡಿಮನೆಯ ಪೈಲ್ವಾನರೂ ಅಲ್ಲ. ನೋಡಲು ಪಕ್ಕದ ಮನೆಯ ಚಿಕ್ಕಪ್ಪನ ಹಾಗೆ ಇದ್ದರು.

ಡಿಕ್ ವೆಬರ್ ಮೊದಲು ಅಂಚೆ ಇಲಾಖೆಯಲ್ಲಿ ದುಡಿಯುತ್ತಿದ್ದವರು. ಪಿಬಿಎಯ ಆ ಮೊದಲ 33 ಜನರಲ್ಲಿ ಒಬ್ಬರು. ಆಟವನ್ನು ಜನರ ಹತ್ತಿರ ಒಯ್ಯಲು ಏನು ಮಾಡಲೂ ಸಿದ್ಧ. 1964ರಲ್ಲಿ ಸರಕು ಸಾಗಿಸುವ ಜೆಟ್ ವಿಮಾನದೊಳಗೆ ಲೇನ್ ಹಾಸಿ, ವಿಮಾನ ಆಕಾಶದಲ್ಲಿ ಹಾರುತ್ತಿರುವಾಗಲೇ ಬೌಲಿಂಗ್ ಆಡಿದರು ಎಂದರೆ ನೀವೇ ಊಹಿಸಿಕೊಳ್ಳಿ.

ಅರ್ಲ್ ಆಂಥನಿ ವಾಷಿಂಗ್ಟನ್ ರಾಜ್ಯದ ಟಕೋಮಾ ಊರಿನವರು. ದಿನಸಿ ಕಂಪನಿಯೊಂದರಲ್ಲಿ ಕೆಲಸ. ಮಕ್ಕಳಿದ್ದಾಗಿನಿಂದ ಆಡಿದವರೇನಲ್ಲ, ಇಪ್ಪತ್ತು ದಾಟಿದ ಮೇಲೆ ಆಟಕ್ಕೆ ಬಂದರು. ಎಡಗೈ ಆಟ, ದಪ್ಪ ಕನ್ನಡಕ, ಮಟ್ಟಸವಾಗಿ ಕತ್ತರಿಸಿದ ಕೂದಲು. ಗೆದ್ದರೂ ಸೋತರೂ ಒಂದೇ ಮುಖ. ಆ ಮುಖದ ಹಿಂದೆ ಎಂಥ ಛಲವಿತ್ತೋ! 1975ರಲ್ಲಿ ಒಂದೇ ವರ್ಷದಲ್ಲಿ ಒಂದು ಲಕ್ಷ ಡಾಲರ್ ಬಹುಮಾನ ಗೆದ್ದ ಮೊದಲ ಬೌಲಿಂಗ್ ಆಟಗಾರ ಎನಿಸಿದರು. 1978ರಲ್ಲಿ ಹೃದಯಾಘಾತವಾಯಿತು. ಚೇತರಿಸಿಕೊಂಡು ಮತ್ತೆ ಬಂದು, 1982ರಲ್ಲಿ ಒಟ್ಟು ಗಳಿಕೆ ಹತ್ತು ಲಕ್ಷ ಡಾಲರ್ ದಾಟಿಸಿದ ಮೊದಲಿಗರೂ ಆದರು.

ಬ್ರೂಕ್ಲಿನ್‌ನ ಮಾರ್ಕ್ ರಾತ್ ರೀತಿಯೇ ಬೇರೆ. ಆಂಥನಿಯದು ಹದವಾದ, ಅಳೆದು ತೂಗಿದ ಎಸೆತವಾದರೆ ರಾತ್‌ದು ಬಿರುಗಾಳಿ. ಬುಗುರಿಗೆ ಚಾಟಿ ಎಳೆದ ಹಾಗೆ ಚೆಂಡನ್ನು ಗಿರ್ರನೆ ತಿರುಗಿಸಿ ಬಿಡುತ್ತಿದ್ದರು. ಇದು ಸರಿಯಾದ ಕ್ರಮವಲ್ಲ ಎಂದು ಹಿರಿಯರು ಗೊಣಗಿದರು. ಹುಡುಗರೆಲ್ಲ ಅವರ ಹಾಗೆಯೇ ಆಡಲು ಹೊರಟರು. ಇದು ಎಲ್ಲ ಊರಲ್ಲೂ ನಡೆಯುವ ಕತೆಯೇ.

ಮುಖ್ಯವಾದ ಮಾತು ಇನ್ನೊಂದಿದೆ. ನೋಡುತ್ತಿದ್ದವರೆಲ್ಲ ಆಡುವವರೂ ಆಗಿದ್ದರು. ಕಾರ್ಖಾನೆ, ಅಂಗಡಿ, ಕಚೇರಿ, ಚರ್ಚು ಎಲ್ಲಕ್ಕೂ ಒಂದೊಂದು ತಂಡ. ವಾರಕ್ಕೊಂದು ಸಂಜೆ ತಪ್ಪದೆ ಆಟ. ಜೇಬಿನ ಮೇಲೆ ಹೆಸರು ಹೊಲಿದ ಅಂಗಿ. ಇದಕ್ಕೆ ‘ಲೀಗ್’ ಎನ್ನುತ್ತಿದ್ದರು. ಶನಿವಾರ ಟೀವಿಯಲ್ಲಿ ಆಂಥನಿ ಒಂದು ಪಿನ್ನು ತಪ್ಪಿಸಿದರೆ, ‘ಬುಧವಾರ ನನಗೂ ಹೀಗೇ ಆಯಿತು’ ಎನ್ನುವ ಹಕ್ಕು ನೋಡುವವರಿಗಿತ್ತು.

ಮರೆಯಲಾಗದ ಮೂರು ಶನಿವಾರ

ಮೊದಲನೆಯದು 1967ರ ಏಪ್ರಿಲ್ 1. ಆಕ್ರನ್‌ನಲ್ಲಿ ಫೈರ್‌ಸ್ಟೋನ್ ಟೈರ್ ಕಂಪನಿ ಪ್ರಾಯೋಜಿಸುತ್ತಿದ್ದ ‘ಟೂರ್ನಮೆಂಟ್ ಆಫ್ ಚಾಂಪಿಯನ್ಸ್’. ಜಾಕ್ ಬಯೊಂಡೊಲಿಲೊ ಎಂಬ ಆಟಗಾರ ಒಂದರ ಹಿಂದೆ ಒಂದು ಸ್ಟ್ರೈಕ್ ಹೊಡೆಯುತ್ತಾ ಹೋದರು. ಹನ್ನೆರಡಕ್ಕೆ ಹನ್ನೆರಡೂ! ಪಿಬಿಎ ಪಂದ್ಯಾವಳಿಯಲ್ಲಿ ಟೀವಿ ಕ್ಯಾಮೆರಾದ ಎದುರು ಬಂದ ಮೊದಲ 300. ಅಂದು ಮೂರ್ಖರ ದಿನ ಬೇರೆ. ನೋಡದವರಿಗೆ ಹೇಳಿದರೆ ಯಾರು ನಂಬಬೇಕು? ಅಷ್ಟಾಗಿಯೂ ಆ ಪಂದ್ಯಾವಳಿಯ ಪ್ರಶಸ್ತಿ ಬೇರೆಯವರ ಪಾಲಾಯಿತು.

ಎರಡನೆಯದು 1970, ಅದೇ ಪಂದ್ಯಾವಳಿ. ಕೊನೆಯ ಆಟದಲ್ಲಿ ಡಾನ್ ಜಾನ್ಸನ್ ಮತ್ತು ಡಿಕ್ ರಿಟ್ಜರ್ ಎದುರುಬದುರು. ರಿಟ್ಜರ್ 268 ಹೊಡೆದರು. ಬೇರೆ ಯಾವ ದಿನವಾದರೂ ಗೆಲುವಿಗೆ ಅದು ಸಾಕು. ಆದರೆ ಜಾನ್ಸನ್ ಸತತ 11 ಸ್ಟ್ರೈಕ್ ಹೊಡೆದಿದ್ದರು. ಇನ್ನೊಂದು ಬಿದ್ದರೆ 300. ಪ್ರಶಸ್ತಿಯ 25,000 ಡಾಲರ್ ಜೊತೆಗೆ ಇನ್ನೂ 10,000 ಡಾಲರ್ ಮತ್ತು ಹೊಸ ಕಾರು. ಚೆಂಡು ಬಿಟ್ಟರು. ಹೋಗಬೇಕಾದ ಜಾಗಕ್ಕೇ ಹೋಯಿತು. ಪಿನ್ನುಗಳು ಚೆಲ್ಲಾಪಿಲ್ಲಿಯಾದವು. ಬಲಮೂಲೆಯ ಹತ್ತನೆಯ ಪಿನ್ನು ಮಾತ್ರ ನಿಂತೇ ಇತ್ತು. ಅಂಕ 299. ಜಾನ್ಸನ್ ಆಟದ ಅಂಕಣದಲ್ಲೇ ಬೋರಲು ಬಿದ್ದುಬಿಟ್ಟರು. ಪಂದ್ಯ ಗೆದ್ದಿದ್ದರು, ಪ್ರಶಸ್ತಿ ಅವರದೇ. ಆದರೂ ಜನರ ನೆನಪಿನಲ್ಲಿ ಉಳಿದದ್ದು ಹಾಗೆ ನೆಲಕ್ಕೆ ಬಿದ್ದ ಮನುಷ್ಯ ಮತ್ತು ಬೀಳದೆ ನಿಂತ ಪಿನ್ನು. ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಬಂದು ಅತ್ತ ಮಕ್ಕಳೇ, ನೀವು ಒಂಟಿಯಲ್ಲ!

ಮೂರನೆಯದು 1980ರ ಜನವರಿ 5, ಕ್ಯಾಲಿಫೋರ್ನಿಯಾದ ಅಲಮೀಡಾ. ಮಾರ್ಕ್ ರಾತ್ ಮೊದಲ ಚೆಂಡು ಉರುಳಿಸಿದಾಗ ಉಳಿದದ್ದು ಎರಡೇ ಪಿನ್ನು. ಆದರೆ ಎಂಥ ಎರಡು! ಹಿಂದಿನ ಸಾಲಿನ ಎಡಮೂಲೆಯ ಏಳನೆಯದು ಮತ್ತು ಬಲಮೂಲೆಯ ಹತ್ತನೆಯದು. ನಡುವೆ ಮೂರು ಅಡಿ ಖಾಲಿ. ಒಂದು ಪಿನ್ನಿಗೆ ಹೊಡೆದರೆ ಅದು ಗೋಡೆಗೆ ಬಡಿದು, ಅಡ್ಡಡ್ಡ ಚಿಮ್ಮಿ ಬಂದು ಇನ್ನೊಂದನ್ನು ಬೀಳಿಸಬೇಕು. ಅದು ಬಿಟ್ಟರೆ ದಾರಿಯಿಲ್ಲ. ರಾತ್ ಒಂದು ಪಿನ್ನಿಗೆ ಬಿರುಸಾಗಿ ಹೊಡೆದರು. ಅದು ಚಿಮ್ಮಿ ಬಂತು, ಇನ್ನೊಂದೂ ಉರುಳಿತು. ರಾಷ್ಟ್ರೀಯ ಟೀವಿಯಲ್ಲಿ ಹಾಗೆ ಮಾಡಿದ ಮೊದಲಿಗರು ಅವರು. 1991ರಲ್ಲಿ ಜಾನ್ ಮಾಝಾ, ಜೆಸ್ ಸ್ಟೇರುಕ್ ಎಂಬಿಬ್ಬರು ಅದನ್ನು ಸಾಧಿಸಿದರು. ಆಮೇಲೆ ಮೂವತ್ತು ವರ್ಷ ಯಾರಿಗೂ ಆಗಲಿಲ್ಲ.

ಟೀವಿ ತೋರಿಸದ ಬದಿ

ಹಳೆಯದೆಲ್ಲ ಚಿನ್ನ ಎಂದು ಹೇಳಿ ಮುಗಿಸಿದರೆ ಅರ್ಧ ಕತೆ ಹೇಳಿದ ಹಾಗೆ.

ಬಿದ್ದ ಪಿನ್ನುಗಳನ್ನು ಮತ್ತೆ ನಿಲ್ಲಿಸುವ ಯಂತ್ರ ಅಂಗಡಿಗಳಿಗೆ ಬಂದದ್ದು 1952ರ ನಂತರ. ಅದಕ್ಕೆ ಮೊದಲು ಆ ಕೆಲಸ ಮಾಡುತ್ತಿದ್ದವರು ಯಾರು ಗೊತ್ತೇ? ನಿಮ್ಮ ವಯಸ್ಸಿನ ಹುಡುಗರು. ‘ಪಿನ್ ಬಾಯ್ಸ್’ ಎಂದು ಅವರಿಗೆ ಹೆಸರು. ಲೇನಿನ ಆ ತುದಿಯಲ್ಲಿ ಮರೆಯಲ್ಲಿ ಕೂತು, ಚೆಂಡು ಬಂದೊಡನೆ ಕಾಲು ಮೇಲೆತ್ತಿಕೊಂಡು, ಪಿನ್ನುಗಳನ್ನು ಎತ್ತಿ ನಿಲ್ಲಿಸಿ, ಚೆಂಡನ್ನು ವಾಪಸು ಉರುಳಿಸಬೇಕು. ಕೆಲಸ ನಡುರಾತ್ರಿಯವರೆಗೆ, ಕೂಲಿ ಬಿಡಿಗಾಸು. ಸುಮಾರು 1910ರ ಹೊತ್ತಿನಲ್ಲಿ ಲೂಯಿಸ್ ಹೈನ್ ಎಂಬ ಛಾಯಾಗ್ರಾಹಕರು ತೆಗೆದ ಅವರ ಫೋಟೋಗಳು ಇಂದಿಗೂ ಇವೆ. ನಿದ್ದೆಗಣ್ಣಿನ ಆ ಮುಖಗಳನ್ನು ನೋಡಿದರೆ ಕರುಳು ಚುರ್ರೆನ್ನುತ್ತದೆ. ಯಂತ್ರ ಬಂದು ಕೆಲಸ ಕಿತ್ತುಕೊಂಡಿತು ಎಂದು ಸಾಮಾನ್ಯವಾಗಿ ಬೇಸರ ಪಡುತ್ತೇವೆ. ಈ ಯಂತ್ರ ಮಾತ್ರ ಮಕ್ಕಳನ್ನು ಮನೆಗೆ ಕಳಿಸಿತು.

ಇನ್ನೊಂದು ಕಹಿ ಸತ್ಯ. ಆಟದ ನಿಯಮಗಳನ್ನು ರೂಪಿಸುತ್ತಿದ್ದ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ ಎಂಬ ಸಂಸ್ಥೆಯಲ್ಲಿ 1950ರವರೆಗೂ ಬಿಳಿಯರಿಗೆ ಮಾತ್ರ ಸದಸ್ಯತ್ವ. ಕಪ್ಪು ವರ್ಣದ ಆಟಗಾರರೊಬ್ಬರು ಪಿಬಿಎ ಪ್ರಶಸ್ತಿ ಗೆಲ್ಲಲು 1986ರವರೆಗೆ ಕಾಯಬೇಕಾಯಿತು. ಅವರು ಮೂರನೆಯ ಜಾರ್ಜ್ ಬ್ರ್ಯಾನಮ್. ಇನ್ನು 2010ರಲ್ಲಿ ಕೆಲಿ ಕುಲಿಕ್ ಎಂಬ ಮಹಿಳೆ ಅದೇ ‘ಟೂರ್ನಮೆಂಟ್ ಆಫ್ ಚಾಂಪಿಯನ್ಸ್’ನಲ್ಲಿ ಗಂಡಸರ ಜೊತೆಗೇ ಆಡಿ, ಕೊನೆಯ ಆಟದಲ್ಲಿ 265–195ರಿಂದ ಗೆದ್ದರು. ಹಳೆಯ ಶನಿವಾರಗಳಲ್ಲಿ ಅದನ್ನು ನೋಡಲು ಸಾಧ್ಯವೇ ಇರಲಿಲ್ಲ. ಎಲ್ಲರನ್ನೂ ಕೂರಿಸಿಕೊಂಡಂತೆ ಕಾಣುತ್ತಿದ್ದ ಆ ಜಗಲಿಯ ಹೊರಗೆ ಕೆಲವರು ನಿಂತೇ ಇದ್ದರು.

ಕೊನೆಯ ಶನಿವಾರ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಷ್ಟು ಜನ ನೋಡುತ್ತಿದ್ದ ಆಟ ಏಕೆ ನಿಂತಿತು?

ಕೇಬಲ್ ಬಂತು, ಹತ್ತಾರು ವಾಹಿನಿಗಳು ಬಂದವು ಎನ್ನುವುದು ಒಂದು ಕಾರಣ. ಮನೆಗೊಂದು ಟೀವಿ ಹೋಗಿ ಕೋಣೆಗೊಂದು ಟೀವಿಯಾಯಿತು. ಬೌಲಿಂಗ್ ನೋಡುವವರಿಗೆ ವಯಸ್ಸಾಗುತ್ತಾ ಬಂತು. ಜಾಹೀರಾತು ಕೊಡುವವರು ಹುಡುಗರನ್ನು ಹುಡುಕಿಕೊಂಡು ಬೇರೆ ಕಡೆ ಹೋದರು.

ಆದರೆ ಇನ್ನೂ ಆಳದ ಕಾರಣವೊಂದನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಬರ್ಟ್ ಪುಟ್ನಮ್ 1995ರಲ್ಲಿ ಬರೆದ ಒಂದು ಲೇಖನದಲ್ಲಿ ಕಾಣಬಹುದು. 1980ರಿಂದ 1993ರ ನಡುವೆ ಅಮೆರಿಕದಲ್ಲಿ ಬೌಲಿಂಗ್ ಆಡುವವರ ಸಂಖ್ಯೆ ಶೇಕಡಾ 10ರಷ್ಟು ಹೆಚ್ಚಿತ್ತು. ಆದರೆ ಲೀಗ್‌ಗಳಲ್ಲಿ ಆಡುವುದು ಶೇಕಡಾ 40ರಷ್ಟು ಇಳಿದಿತ್ತು. ಅರ್ಥವಾಯಿತೇ? ಜನ ಆಟ ಬಿಟ್ಟಿರಲಿಲ್ಲ. ವಾರವಾರ, ಅದೇ ಗೆಳೆಯರ ಜೊತೆ, ತಂಡ ಕಟ್ಟಿಕೊಂಡು ಆಡುವುದನ್ನು ಬಿಟ್ಟಿದ್ದರು. ವರ್ಷಕ್ಕೊಮ್ಮೆ ಹುಟ್ಟುಹಬ್ಬಕ್ಕೆ ಹೋಗಿ ಚೆಂಡು ಉರುಳಿಸಿ ಬರುವವರಿಗೆ ಶನಿವಾರ ಆಂಥನಿ ತಪ್ಪಿಸಿದ ಪಿನ್ನಿನ ಸಂಕಟ ತಟ್ಟುವುದಿಲ್ಲ. ‘ಬುಧವಾರ ನನಗೂ ಹೀಗೇ ಆಯಿತು’ ಎನ್ನುವವರು ಕಡಿಮೆಯಾದಂತೆ ಶನಿವಾರವೂ ಸೊರಗಿತು.

ಎಬಿಸಿಯಲ್ಲಿ ಕೊನೆಯ ಪ್ರಸಾರ 1997ರ ಜೂನ್ 21ರಂದು. ಅಂದಿನ ಕೊನೆಯ ಆಟದಲ್ಲಿ ವಾಲ್ಟರ್ ರೇ ವಿಲಿಯಮ್ಸ್ ಗೆದ್ದರು. ಸೋತವರ ಹೆಸರು ಪೀಟ್ ವೆಬರ್. ಹೌದು, ವಿಮಾನದಲ್ಲಿ ಬೌಲಿಂಗ್ ಆಡಿದ ಡಿಕ್ ವೆಬರ್ ಅವರ ಮಗ. ಎಬಿಸಿಯಲ್ಲಿ ಬೌಲಿಂಗ್ ಶುರುವಾದ 1962ರಲ್ಲೇ ಹುಟ್ಟಿದವರು. ಅಪ್ಪನ ಕಾಲದಲ್ಲಿ ಶುರುವಾದದ್ದು ಮಗನ ಕಾಲದಲ್ಲಿ ಮುಗಿಯಿತು. ಆ ದಿನ ಶೆಂಕೆಲ್ ಮತ್ತು ಬರ್ಟನ್ ವೀಕ್ಷಕರಿಗೆ ವಿದಾಯ ಹೇಳಿದಾಗ ಎಷ್ಟೋ ಮನೆಗಳಲ್ಲಿ ಹಿರಿಯರ ಕಣ್ಣು ಒದ್ದೆಯಾಗಿದ್ದರೆ ಆಶ್ಚರ್ಯವಿಲ್ಲ.

ಬೀಳದ ಪಿನ್ನು ಬಿತ್ತು

ಆಟ ಅಲ್ಲಿಗೆ ಸತ್ತುಹೋಗಲಿಲ್ಲ. ಪಿಬಿಎ ಇಂದಿಗೂ ಇದೆ, ಬೇರೆ ವಾಹಿನಿಗಳಲ್ಲಿ ಪಂದ್ಯಗಳು ಬರುತ್ತವೆ. 2021ರ ಏಪ್ರಿಲ್‌ನಲ್ಲಿ ಆಂಥನಿ ನ್ಯೂವರ್ ಎಂಬ 18ರ ಹುಡುಗನ ಎದುರು ಅದೇ ಏಳು–ಹತ್ತರ ಜೋಡಿ ನಿಂತಿತು. ಮೂವತ್ತು ವರ್ಷದಿಂದ ಟೀವಿಯಲ್ಲಿ ಯಾರೂ ಬೀಳಿಸದ ಜೋಡಿ. ಕೊನೆಯ ಸಲ ಬಿದ್ದಾಗ ಆತ ಹುಟ್ಟಿಯೇ ಇರಲಿಲ್ಲ. ಆತ ಬೀಳಿಸಿದ! ಕೊನೆಗೆ ಆ ಆಟವನ್ನು ಸೋತದ್ದೂ ನಿಜ. ಆದರೆ ಗೆದ್ದವರಿಗಿಂತ ಆತನನ್ನೇ ಜನ ಹೆಚ್ಚು ಮಾತಾಡಿಕೊಂಡರು.

ಮರುವರ್ಷ ಇನ್ನೊಂದು ಸೊಗಸು. ಆಕ್ರನ್ ಪಕ್ಕದ ರಿವಿಯೆರಾ ಲೇನ್ಸ್‌ನಲ್ಲಿ ನಡೆದ ‘ಟೂರ್ನಮೆಂಟ್ ಆಫ್ ಚಾಂಪಿಯನ್ಸ್’ನಲ್ಲಿ ಕಾರ್ಮೆನ್ ಸಾಲ್ವಿನೊ ಕಣಕ್ಕಿಳಿದರು. ತಲಾ 50 ಡಾಲರ್ ಹಾಕಿದ ಆ 33 ಜನರಲ್ಲಿ ಅವರೂ ಒಬ್ಬರು. ಆಗ ಅವರ ವಯಸ್ಸು 88. ಮೊಣಕಾಲು ನೋವೆಂದು ಕೂತಿರುವ ಅಜ್ಜಂದಿರು ಈ ಸಾಲನ್ನು ಎರಡು ಸಲ ಓದಬಹುದು.

ಅಮೆರಿಕದಲ್ಲಿರುವ ಮಗ ಮಗಳ ಮನೆಗೆ ಆರು ತಿಂಗಳಿಗೆಂದು ಹೋಗಿಬರುವ ನಮ್ಮ ಅಜ್ಜ ಅಜ್ಜಿಯರಲ್ಲಿ ಬಹಳ ಮಂದಿ ಈ ಅಂಗಳವನ್ನು ಕಂಡಿರುತ್ತಾರೆ. ಮೊಮ್ಮಕ್ಕಳ ಹುಟ್ಟುಹಬ್ಬಕ್ಕೆ ಅಲ್ಲಿ ಅದೇ ಜಾಗ. ಚೆಂಡು ತೋಡಿಗೆ ಬೀಳದಂತೆ ಚಿಕ್ಕವರಿಗಾಗಿ ಎರಡೂ ಬದಿ ತಡೆ ಎಬ್ಬಿಸುತ್ತಾರೆ. ಸೀರೆಯ ಕೆಳಗೆ ಬಾಡಿಗೆ ಬೂಟು ಹಾಕಿಕೊಂಡು ‘ನನಗೆಲ್ಲಿ ಆಗುತ್ತದೆ’ ಎನ್ನುತ್ತಲೇ ಚೆಂಡು ಬಿಟ್ಟು, ಹತ್ತರಲ್ಲಿ ಎಂಟು ಬೀಳಿಸಿ ಮೊಮ್ಮಕ್ಕಳ ಬಾಯಿ ಮುಚ್ಚಿಸಿದ ಅಜ್ಜಿಯರೂ ಇದ್ದಾರೆ. ಮುಂದಿನ ಸಲ ಹೋದಾಗ ಪಕ್ಕದ ಲೇನಿನಲ್ಲಿ ನರೆಗೂದಲಿನವರು ಕಂಡರೆ ‘ಅರ್ಲ್ ಆಂಥನಿ’ ಎಂದಷ್ಟೇ ಹೇಳಿ ನೋಡಿ. ಭಾಷೆ ಬಾರದಿದ್ದರೂ ಗೆಳೆತನವಾದೀತು.

ಇಲ್ಲಿರುವವರಿಗೆ ಲೇನೇ ಬೇಕೆಂದಿಲ್ಲ. ಹತ್ತು ಖಾಲಿ ನೀರಿನ ಬಾಟಲಿ, ಒಂದು ರಬ್ಬರ್ ಚೆಂಡು, ಪಡಸಾಲೆ ಇದ್ದರೆ ಸಾಕು. ಶನಿವಾರ ಮಧ್ಯಾಹ್ನವೇ ಆಡಿ. ಒಂದು ವಾರ ಆಡಿ ಬಿಡಬೇಡಿ. ಮುಂದಿನ ಶನಿವಾರವೂ ಅದೇ ಹೊತ್ತಿಗೆ, ಅದೇ ಜನ ಸೇರಿ. ಅಂಕ ಬರೆಯುವ ಕೆಲಸ ಅಜ್ಜಿಗೆ ಇರಲಿ, ಕೂಡುವ ಕೆಲಸ ಮೊಮ್ಮಕ್ಕಳಿಗೆ.

ಈ ವಾರದ ಲೆಕ್ಕ: ಒಬ್ಬ ಆಟಗಾರ್ತಿ ಮೊದಲ ಸರದಿಯಲ್ಲಿ ಸ್ಟ್ರೈಕ್, ಎರಡನೆಯದರಲ್ಲಿ ಸ್ಪೇರ್, ಮೂರನೆಯದರಲ್ಲಿ ಸ್ಟ್ರೈಕ್, ನಾಲ್ಕನೆಯದರಲ್ಲಿ ಸ್ಪೇರ್, ಹೀಗೆ ಹತ್ತನೆಯ ಸರದಿಯ ಸ್ಪೇರ್‌ವರೆಗೂ ಹೊಡೆದಳು. ಕೊನೆಗೆ ಸಿಕ್ಕ ಹೆಚ್ಚಿನ ಚೆಂಡಿನಲ್ಲೂ ಹತ್ತು ಪಿನ್ನು ಬೀಳಿಸಿದಳು. ಅವಳ ಒಟ್ಟು ಅಂಕ ಎಷ್ಟು?

ಉತ್ತರ: 200. ಪ್ರತಿ ಸ್ಟ್ರೈಕಿನ ಮುಂದೆ ಒಂದು ಸ್ಪೇರ್ ಇದೆ, ಹಾಗಾಗಿ 10+10. ಪ್ರತಿ ಸ್ಪೇರಿನ ಮುಂದೆ ಒಂದು ಸ್ಟ್ರೈಕ್ ಇದೆ, ಅದಕ್ಕೂ 10+10. ಹತ್ತು ಸರದಿಗೂ ತಲಾ 20. ಬೌಲಿಂಗ್ ಆಡುವವರು ಇದಕ್ಕೆ ‘ಡಚ್ 200’ ಎನ್ನುತ್ತಾರೆ. ಅಜ್ಜನಿಗಿಂತ ಮೊದಲು ನೀವು ಹೇಳಿದ್ದರೆ ನಿಮಗೆ ಶಭಾಷ್. ಅಜ್ಜ ಮೊದಲು ಹೇಳಿದ್ದರೆ ಮುಂದಿನ ಶನಿವಾರ ಮೊದಲ ಚೆಂಡು ಅವರದು.